ಓವಲ್ ಆಫೀಸಿನ ಗೋಡೆ ಯಾರದ್ದು, ಚಿತ್ರ ಯಾರದ್ದು?

2017ರ ಜನವರಿ 20ರ ಸಂಜೆ. ಟ್ರಂಪ್ ಮೊದಲ ಸಲ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡು ಕೆಲವೇ ಗಂಟೆ ಆಗಿದೆ. ಪತ್ರಕರ್ತರ ಒಂದು ಚಿಕ್ಕ ಗುಂಪನ್ನು ಶ್ವೇತಭವನದಲ್ಲಿರುವ ಅಧ್ಯಕ್ಷರ ಕಚೇರಿ, ಅಂದರೆ ಓವಲ್ ಆಫೀಸಿನೊಳಗೆ ಬಿಟ್ಟಿದ್ದಾರೆ. ಅಧ್ಯಕ್ಷರು ಮೇಜಿನ ಹಿಂದೆ ಕೂತು ಸಹಿ ಹಾಕುತ್ತಿದ್ದಾರೆ. ಬಂದವರ ಕಣ್ಣು ಮಾತ್ರ ಕಾಗದಕ್ಕಿಂತ ಜಾಸ್ತಿ ಗೋಡೆಗಳ ಮೇಲಿದೆ. ಪರದೆ ಬದಲಾಗಿದೆ. ಚರ್ಚಿಲ್ ಪುತ್ಥಳಿ ವಾಪಸ್ ಬಂದಿದೆ. ಮಾರ್ಟಿನ್ ಲೂಥರ್ ಕಿಂಗ್ ಪುತ್ಥಳಿ ಎಲ್ಲಿ? ಒಬ್ಬ ವರದಿಗಾರನಿಗೆ ಅದು ಕಾಣಲಿಲ್ಲ. ಕಿಂಗ್ ಅವರನ್ನು ತೆಗೆದುಹಾಕಿದ್ದಾರೆ ಅಂತ ಸುದ್ದಿ ಹೊರಟೇಬಿಟ್ಟಿತು.

ಪುತ್ಥಳಿ ಅಲ್ಲೇ ಇತ್ತು. ಬಾಗಿಲ ಮರೆಯಲ್ಲಿ, ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್‌ನವನೊಬ್ಬನ ಬೆನ್ನ ಹಿಂದೆ. ವರದಿಗಾರ ಪಾಪ ಅವತ್ತೇ ತಪ್ಪೊಪ್ಪಿಕೊಂಡ, ತಿದ್ದುಪಡಿಯನ್ನೂ ಹಾಕಿದ. ಅಷ್ಟರಲ್ಲಿ ಸುದ್ದಿ ಊರೆಲ್ಲ ಸುತ್ತಿಯಾಗಿತ್ತು. ಮರುದಿನ ಟ್ರಂಪ್ ಸಿಐಎ ಕಚೇರಿಗೆ ಹೋಗಿ ಭಾಷಣ ಮಾಡುವಾಗಲೂ ಇದನ್ನೇ ಎತ್ತಿ ಆಡಿದರು.

ಒಂದು ಕಂಚಿನ ಪುತ್ಥಳಿಗೆ ಇಷ್ಟೆಲ್ಲ ಗಲಾಟೆಯಾ ಅನಿಸಬಹುದು. ನಮಗೇನು ಇದು ಹೊಸದಲ್ಲ ಬಿಡಿ. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಸಭಾಂಗಣದಲ್ಲಿ ಭಾವಚಿತ್ರಗಳನ್ನು ಹಾಕಿದರಲ್ಲ, ಅವುಗಳಲ್ಲಿ ಗಾಂಧಿ, ಬಸವಣ್ಣ, ಅಂಬೇಡ್ಕರ್ ಎಲ್ಲರೂ ಇದ್ದರು, ಆದರೆ ವಾರಗಟ್ಟಲೆ ಮಾತು ನಡೆದದ್ದು ಸಾವರ್ಕರ್ ಚಿತ್ರದ ಬಗ್ಗೆ ಮಾತ್ರ. ಸರ್ಕಾರದ ಗೋಡೆ ಅಂದರೆ ಹಾಗೇ. ಅಲ್ಲಿ ಮೊಳೆ ಹೊಡೆದರೂ ಅರ್ಥ, ಕಿತ್ತರೂ ಅರ್ಥ.

ಆದರೆ ಅಮೆರಿಕದ ಶ್ವೇತಭವನದ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. "ಅಧ್ಯಕ್ಷರು ಆ ಚಿತ್ರ ತೆಗೆಸಿದರು", "ಈ ಚಿತ್ರ ವಾಪಸ್ ಕಳಿಸಿದರು" ಅಂತ ಸುದ್ದಿ ಬಂದಾಗ ನಾವು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತೇವೆ. ಚಿತ್ರ ಯಾರ ಸ್ವತ್ತು? ಯಾವ ಕೋಣೆಯಲ್ಲಿತ್ತು? ತೆಗೆಯುವ ಅಧಿಕಾರ ಯಾರಿಗಿತ್ತು? ಇವು ಮೂರು ಬೇರೆ ಬೇರೆ ಪ್ರಶ್ನೆ. ಜಗಳ ಹುಟ್ಟುವುದೇ ಇವನ್ನು ಬೆರೆಸಿದಾಗ.

ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿನ ಮೇಜು, ಬೀರು, ಕುರ್ಚಿಯ ಹಿಂಬದಿಯಲ್ಲಿ ಬಿಳಿ ಪೇಂಟಿನಲ್ಲಿ ಇಲಾಖೆಯ ಹೆಸರು, ಒಂದು ನಂಬರು ಬರೆದಿರುತ್ತದೆ. ಅದರ ಮೇಲೆ ಕೂರಬಹುದು, ಈ ಕೋಣೆಯಿಂದ ಆ ಕೋಣೆಗೆ ಎಳೆಯಬಹುದು, ಮಾರುವ ಹಾಗಿಲ್ಲ. ಟಿವಿ, ಮಂಚ ನಮ್ಮದು, ವರ್ಗಾವಣೆ ಆದರೆ ಲಾರಿ ಹತ್ತುತ್ತದೆ. ಪಕ್ಕದ ಮನೆಯಿಂದ ಹಬ್ಬಕ್ಕೆ ಅಂತ ತಂದ ನಾಲ್ಕು ಕುರ್ಚಿ ಇದ್ದರೆ ಅದನ್ನು ವಾಪಸ್ ಕೊಟ್ಟೇ ಹೋಗಬೇಕು. ಶ್ವೇತಭವನದ ಕಲಾಕೃತಿಗಳದ್ದೂ ಇದೇ ಲೆಕ್ಕ. ಕೆಲವು ಮನೆಯ ಸ್ವತ್ತು. ಕೆಲವು ಮ್ಯೂಸಿಯಂಗಳಿಂದಲೋ ಬೇರೆಯವರಿಂದಲೋ ಎರವಲು ತಂದದ್ದು. ಕೆಲವು ಅಧ್ಯಕ್ಷರು ತಾವೇ ತಂದುಕೊಂಡದ್ದು. ನೋಡುವವರ ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತವೆ, ಯಾಕಂದರೆ ನಂಬರು ಹಿಂದುಗಡೆ ಇರುತ್ತದೆ.

ಮೊದಲು ಮನೆಯ ಸ್ವತ್ತಿನ ಕಥೆ.

ಶ್ವೇತಭವನಕ್ಕೆ ಮೊದಲ ಅಧ್ಯಕ್ಷರು ವಾಸಕ್ಕೆ ಬಂದದ್ದು 1800ರಲ್ಲಿ. ಆ ವರ್ಷದಿಂದ ಇವತ್ತಿನವರೆಗೂ ಆ ಮನೆಯದ್ದಾಗಿ ಉಳಿದಿರುವುದು ಒಂದೇ ಒಂದು ವಸ್ತು ಅನ್ನುತ್ತಾರೆ. ಜಾರ್ಜ್ ವಾಷಿಂಗ್ಟನ್ ಅವರ ಆಳೆತ್ತರದ ಚಿತ್ರ. ಸರ್ಕಾರ ಅದಕ್ಕೆ 800 ಡಾಲರ್ ಕೊಟ್ಟಿತ್ತು. ಗಿಲ್ಬರ್ಟ್ ಸ್ಟುವರ್ಟ್ ಬರೆದ ಪ್ರಸಿದ್ಧ ಚಿತ್ರದ ಪ್ರತಿ ಇದು. ಮೂಲಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಗುರುತು ಹಿಡಿಯುವುದು ಸುಲಭ. ಚಿತ್ರದಲ್ಲಿ ಮೇಜಿನ ಕಾಲಿಗೆ ಒರಗಿಸಿಟ್ಟ ದಪ್ಪ ಪುಸ್ತಕಗಳಿವೆ. ಒಂದರ ಬೆನ್ನಿನ ಮೇಲೆ ಅಮೆರಿಕದ ಸಂವಿಧಾನ ಮತ್ತು ಕಾನೂನುಗಳು ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಶ್ವೇತಭವನದ ಪ್ರತಿಯಲ್ಲಿ 'ಸ್ಟೇಟ್ಸ್' ಅನ್ನುವ ಪದದಲ್ಲಿ ಮೊದಲನೇ 'ಟಿ' ಅಕ್ಷರವೇ ಬಿಟ್ಟುಹೋಗಿದೆ. ಯುನೈಟೆಡ್ 'ಸೇಟ್ಸ್'! ದೇಶದ ಹೆಸರೇ ತಪ್ಪಿರುವ ಚಿತ್ರ ದೇಶದ ಅತಿ ದೊಡ್ಡ ಮನೆಯಲ್ಲಿ ಇನ್ನೂರು ವರ್ಷದಿಂದ ಇದೆ. ನನಗೆ ಈ ವಿವರ ಎಷ್ಟು ಸಲ ಓದಿದರೂ ಖುಷಿ.

1814ರ ಆಗಸ್ಟ್ 24ರಂದು ಬ್ರಿಟಿಷ್ ಸೈನ್ಯ ಬಂದು ಆ ಮನೆಗೆ ಬೆಂಕಿ ಇಟ್ಟಿತು. ಅದಕ್ಕೆ ಸ್ವಲ್ಪ ಮೊದಲು ಅಧ್ಯಕ್ಷ ಮ್ಯಾಡಿಸನ್ ಅವರ ಹೆಂಡತಿ ಡಾಲಿ ಈ ಚಿತ್ರವನ್ನು ಬಿಟ್ಟು ಹೋಗಲ್ಲ ಅಂತ ಹಟ ಹಿಡಿದರು. ಗೋಡೆಗೆ ಭದ್ರವಾಗಿ ತಿರುಪು ಹಾಕಿದ್ದರು, ಬಿಚ್ಚಲು ಸಮಯ ಇರಲಿಲ್ಲ. ಚೌಕಟ್ಟು ಒಡೆದು ಕ್ಯಾನ್ವಾಸ್ ಹೊರತೆಗೆದರು. ಡಾಲಿ ಸ್ವತಃ ಚಿತ್ರ ಹೊತ್ತು ಓಡಿದರು ಅನ್ನುವ ಕಥೆಯೂ ಹುಟ್ಟಿಕೊಂಡಿತು. ಆ ಮನೆಯಲ್ಲಿ ಗುಲಾಮನಾಗಿ ಕೆಲಸ ಮಾಡುತ್ತಿದ್ದ, ಆಗ ಹದಿನೈದು ವರ್ಷದ ಹುಡುಗ ಪಾಲ್ ಜೆನ್ನಿಂಗ್ಸ್ ಮುಂದೆ 1865ರಲ್ಲಿ ತನ್ನ ನೆನಪುಗಳನ್ನು ಅಚ್ಚು ಹಾಕಿಸಿದಾಗ ಇದೆಲ್ಲ ಸುಳ್ಳು ಅಂತ ಹೇಳಿದ. ಚಿತ್ರ ಇಳಿಸಿದ್ದು ಬಾಗಿಲು ಕಾಯುವ ಫ್ರೆಂಚ್ ಮನುಷ್ಯ ಮತ್ತು ತೋಟದವನು. ಆಜ್ಞೆ ಕೊಟ್ಟವರ ಹೆಸರು ಉಳಿಯಿತು, ಏಣಿ ಹತ್ತಿದವರದ್ದು ಅಡಿಟಿಪ್ಪಣಿಗೆ ಹೋಯಿತು.

ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಮನೆಯ ಸಾಮಾನುಗಳನ್ನು ಆಮೇಲೆ ಹೇಗೆ ನೋಡಿಕೊಂಡರು? ಹಳೇ ಪಾತ್ರೆಯವನಿಗೆ ಹಾಕಿದ ಹಾಗೆ. ಹೊಸ ಅಧ್ಯಕ್ಷರು ಬಂದಾಗ ಇಷ್ಟವಿಲ್ಲದ್ದನ್ನು ಹರಾಜು ಹಾಕುವುದು, ಬಂದ ದುಡ್ಡಿನಲ್ಲಿ ಹೊಸದು ತರುವುದು ಆಗ ಮಾಮೂಲು. 1882ರಲ್ಲಿ ಚೆಸ್ಟರ್ ಆರ್ಥರ್ ಅನ್ನುವ ಅಧ್ಯಕ್ಷರು 24 ಗಾಡಿ ತುಂಬ ಸಾಮಾನು ಹರಾಜಿಗೆ ಕಳಿಸಿದರು. ಹಿಂದಿನ ಅಧ್ಯಕ್ಷರ ಕಾಲದ ಎಷ್ಟೋ ವಸ್ತು ಹಾಗೆ ಕೈಬಿಟ್ಟು ಹೋದವು. ಇದನ್ನು ತಡೆಯುವ ಕಾನೂನೇ ಇರಲಿಲ್ಲ.

ಕಾನೂನು ಬಂದದ್ದು 1961ರ ಸೆಪ್ಟೆಂಬರಿನಲ್ಲಿ. ಅದರ ಹಿಂದೆ ಇದ್ದವರು ಜಾಕ್ವೆಲಿನ್ ಕೆನಡಿ. ಆಗ ಅವರಿಗೆ 32 ವರ್ಷ. ಮನೆಗೆ ಬಂದು ನೋಡಿದರೆ ಅಂಗಡಿಯಿಂದ ತಂದ ನಕಲಿ ಪೀಠೋಪಕರಣ, ಚರಿತ್ರೆಯ ವಾಸನೆಯೇ ಇಲ್ಲ. ದಾನಿಗಳನ್ನು ಹಿಡಿದು, ತಿಳಿದವರ ಸಮಿತಿ ಮಾಡಿ, ಹಳೆಯ ಚಿತ್ರಗಳನ್ನೂ ಸಾಮಾನುಗಳನ್ನೂ ಹುಡುಕಿ ತರಿಸತೊಡಗಿದರು. ಆದರೆ ದಾನ ಕೊಡುವವರು ಒಂದು ಪ್ರಶ್ನೆ ಕೇಳುವುದು ಸಹಜ ಅಲ್ವಾ: ನಾನು ಕೊಟ್ಟದ್ದನ್ನು ಮುಂದಿನ ಅಧ್ಯಕ್ಷರು ಮಾರಿಬಿಟ್ಟರೆ? ಅದಕ್ಕೆ ಉತ್ತರವೇ ಆ ಕಾನೂನು. ಚಾರಿತ್ರಿಕ ಅಥವಾ ಕಲಾತ್ಮಕ ಬೆಲೆ ಇದೆ ಅಂತ ಅಧ್ಯಕ್ಷರು ಒಮ್ಮೆ ಘೋಷಿಸಿದ ವಸ್ತು ಶ್ವೇತಭವನದ್ದೇ ಆಗುತ್ತದೆ, ಮತ್ತೆ ಪರಭಾರೆ ಮಾಡುವ ಹಾಗಿಲ್ಲ. ಬಳಸದೇ ಇದ್ದರೆ ದೇಶದ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ಸುಪರ್ದಿಗೆ ಹೋಗಬೇಕು. ಗುಜರಿಗೂ ಇಲ್ಲ, ಅಧ್ಯಕ್ಷರ ಊರಿನ ಮನೆಗೂ ಇಲ್ಲ.

ಆ ವರ್ಷವೇ ಮನೆಯ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಅನ್ನುವ ಹುದ್ದೆ ಹುಟ್ಟಿತು. ಶ್ವೇತಭವನ ಚರಿತ್ರೆಯ ಒಂದು ಸಂಘವೂ ಆಗಲೇ ಶುರುವಾಯಿತು. ಸರ್ಕಾರದ್ದಲ್ಲ, ಲಾಭಕ್ಕೂ ಅಲ್ಲ. ಮನೆಯ ಬಗ್ಗೆ ಕೈಪಿಡಿ ಮಾರುತ್ತದೆ, 1981ರಿಂದ ವರ್ಷಕ್ಕೊಂದು ಕ್ರಿಸ್‌ಮಸ್ ಅಲಂಕಾರದ ಬಿಲ್ಲೆ ಮಾರುತ್ತದೆ, ಬಂದ ದುಡ್ಡಿನಲ್ಲಿ ಚಿತ್ರ ಕೊಳ್ಳುತ್ತದೆ. 1964ರಲ್ಲಿ ಜಾನ್ಸನ್ ಅಧ್ಯಕ್ಷರಾಗಿದ್ದಾಗ ಒಂದು ಶಾಶ್ವತ ಸಂರಕ್ಷಣಾ ಸಮಿತಿಯೂ ಬಂತು. ಸ್ಮಿತ್ಸೋನಿಯನ್ ಮುಖ್ಯಸ್ಥರು, ನ್ಯಾಷನಲ್ ಗ್ಯಾಲರಿಯ ನಿರ್ದೇಶಕರು, ರಾಷ್ಟ್ರೀಯ ಉದ್ಯಾನ ಸೇವೆಯ ನಿರ್ದೇಶಕರು, ಕ್ಯುರೇಟರ್, ಮನೆಯ ಮೇಲ್ವಿಚಾರಕರು ಹೀಗೆ. ಈಗ ಮನೆಯ ಸಂಗ್ರಹದಲ್ಲಿ ಚಮಚ, ತಟ್ಟೆ ಎಲ್ಲ ಸೇರಿಸಿ 60 ಸಾವಿರಕ್ಕೂ ಜಾಸ್ತಿ ವಸ್ತುಗಳಿವೆ.

ಸರಿ, ಮಾರುವ ಹಾಗಿಲ್ಲ. ಜಾಗ ಬದಲಿಸಬಹುದಾ? ಇಲ್ಲಿ ಕೋಣೆ ಮುಖ್ಯವಾಗುತ್ತದೆ.

ಪ್ರವಾಸಿಗರು ನೋಡುವ ಕೆಳ ಅಂತಸ್ತುಗಳು, ಅಂದರೆ ಈಸ್ಟ್ ರೂಮ್, ಗ್ರೀನ್ ರೂಮ್, ಬ್ಲೂ ರೂಮ್, ದೊಡ್ಡ ಭೋಜನಶಾಲೆ ಇರುವ ಭಾಗಕ್ಕೆ ಮ್ಯೂಸಿಯಂ ಲಕ್ಷಣ ಇದೆ, ಅದನ್ನು ಕಾಪಾಡಬೇಕು ಅಂತ ಕಾನೂನೇ ಹೇಳುತ್ತದೆ. ಅಲ್ಲಿನ ಬದಲಾವಣೆಗೆ ಕ್ಯುರೇಟರ್, ಸಮಿತಿಯ ಮಾತು ಬೇಕು. ಸಂಪ್ರದಾಯವೂ ಗಟ್ಟಿ. ಈಸ್ಟ್ ರೂಮಿನಲ್ಲಿ ಆ ಅಕ್ಷರ ತಪ್ಪಿದ ವಾಷಿಂಗ್ಟನ್, ಭೋಜನಶಾಲೆಯಲ್ಲಿ ಹೀಲಿ ಅನ್ನುವ ಕಲಾವಿದ ಬರೆದ ಲಿಂಕನ್, ಗಲ್ಲಕ್ಕೆ ಕೈ ಇಟ್ಟುಕೊಂಡು ಮುಂದಕ್ಕೆ ಬಾಗಿ ಯಾರ ಮಾತನ್ನೋ ಕೇಳಿಸಿಕೊಳ್ಳುತ್ತಿರುವ ಭಂಗಿಯಲ್ಲಿ. ಮೇಲಿನ ಅಂತಸ್ತುಗಳು ಅಧ್ಯಕ್ಷರ ಕುಟುಂಬದ ಮನೆ. ಅಲ್ಲಿ ಅವರಿಷ್ಟ. ಓವಲ್ ಆಫೀಸ್ ಇರುವುದು ಪಕ್ಕದ ವೆಸ್ಟ್ ವಿಂಗ್‌ನಲ್ಲಿ. ಅದು ಅವರ ಕಚೇರಿ, ಅಲ್ಲೂ ಅವರಿಷ್ಟವೇ. ಕ್ಯುರೇಟರ್ ಉಗ್ರಾಣದಲ್ಲಿ ಏನೇನಿದೆ ಅಂತ ತೋರಿಸುತ್ತಾರೆ, ಅಧ್ಯಕ್ಷರು ಆರಿಸುತ್ತಾರೆ.

ಹಾಗಾಗಿ ಸುದ್ದಿಯಲ್ಲಿ ನಾವು ನೋಡುವ ಅದಲುಬದಲು ಹೆಚ್ಚಾಗಿ ಓವಲ್ ಆಫೀಸಿನದ್ದು. ಟ್ರಂಪ್ 2017ರಲ್ಲಿ ಹಳೆಯ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಚಿತ್ರ ಹಾಕಿಸಿದರು. ಬೈಡನ್ 2021ರಲ್ಲಿ ಅದನ್ನು ತೆಗೆಸಿ ಬೆಂಜಮಿನ್ ಫ್ರಾಂಕ್ಲಿನ್ ಚಿತ್ರ ತರಿಸಿದರು, ಬೆಂಕಿಗೂಡಿನ ಮೇಲೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಂದರು. 2025ರಲ್ಲಿ ಜಾಕ್ಸನ್ ಮತ್ತೆ ಹಾಜರ್. ರೇಗನ್ 1981ರಲ್ಲಿ ಸಂಪುಟದ ಕೋಣೆಯಿಂದ ಟ್ರೂಮನ್ ಅವರನ್ನು ಇಳಿಸಿ ಕ್ಯಾಲ್ವಿನ್ ಕೂಲಿಜ್ ಅವರನ್ನು ಏರಿಸಿದಾಗಲೂ ಪತ್ರಿಕೆಗಳು ಬರೆದಿದ್ದವು. ಕೂಲಿಜ್ ತೆರಿಗೆ ಇಳಿಸಿದವರು, ಮಾತು ಕಡಿಮೆ. ತಾನು ಯಾವ ದಾರಿ ಹಿಡಿಯುತ್ತೇನೆ ಅಂತ ಹೇಳುವುದಕ್ಕೆ ಭಾಷಣಕ್ಕಿಂತ ಮೊಳೆ ಅಗ್ಗ.

ಇದರ ನಡುವೆ ಯಾರಿಗೂ ಜಗಳ ಬೇಡದ ಚಿತ್ರವೂ ಇದೆ. ಚೈಲ್ಡ್ ಹ್ಯಾಸಮ್ 1917ರಲ್ಲಿ ಬರೆದ, ಮಳೆ ಬಿದ್ದ ನ್ಯೂಯಾರ್ಕಿನ ರಸ್ತೆ. ಬಾವುಟಗಳು ನೆನೆದು ಜೋತುಬಿದ್ದಿವೆ, ಅವುಗಳ ಕೆಂಪು ನೀಲಿ ಒದ್ದೆ ನೆಲದಲ್ಲಿ ಕದಡಿಕೊಂಡಿದೆ, ಜನ ಬರೀ ಕೊಡೆಗಳ ಹಾಗೆ ಕಾಣುತ್ತಾರೆ. ಕ್ಲಿಂಟನ್, ಒಬಾಮಾ, ಟ್ರಂಪ್ ಎಲ್ಲರೂ ಇದನ್ನು ಓವಲ್ ಆಫೀಸಿನಲ್ಲಿ ಇಟ್ಟುಕೊಂಡವರೇ.

ಇನ್ನು ಎರವಲಿನ ಕಥೆ. ಮನೆಯ ಸಂಗ್ರಹದಲ್ಲಿ ಹಳೆಯ ಭೂದೃಶ್ಯ, ಹಳೆಯ ಅಧ್ಯಕ್ಷರೇ ಜಾಸ್ತಿ. ಹೊಸಕಾಲದ್ದು ಬೇಕು ಅಂದರೆ ಮ್ಯೂಸಿಯಂಗಳ ಬಾಗಿಲು ತಟ್ಟಬೇಕು. ಒಬಾಮಾ ದಂಪತಿ 2009ರಲ್ಲಿ ಹೀಗೆ ಸುಮಾರು 45 ಕೃತಿಗಳನ್ನು ಎರವಲು ತಂದರು. ಅದರಲ್ಲಿ ಆಲ್ಮಾ ಥಾಮಸ್ ಅನ್ನುವ ಕಪ್ಪು ಕಲಾವಿದೆಯ ಒಂದು ಚಿತ್ರ ಸ್ವಲ್ಪ ದಿನದಲ್ಲೇ ವಾಪಸ್ ಹೋಯಿತು. ತಗೊಳ್ಳಿ, ಶುರು. ಅದು ಫ್ರೆಂಚ್ ಕಲಾವಿದ ಮತೀಸ್‌ನ ಚಿತ್ರದ ಹಾಗೇ ಇದೆ ಅಂತ ಕೆಲವರು ಆಡಿಕೊಂಡಿದ್ದರು, ಅದಕ್ಕೇ ನಾಚಿಕೊಂಡು ಕಳಿಸಿದರು ಅಂತ ಮಾತಾಯಿತು. ಮಿಶೆಲ್ ಒಬಾಮಾ ಅವರ ಕಚೇರಿಯ ಗೋಡೆಗೆ ಅದು ಹೊಂದಲಿಲ್ಲ ಅಂತ ಅವರ ಕಡೆಯವರು ಹೇಳಿದರು. ಮುಂದೆ 2015ರಲ್ಲಿ ಅದೇ ಆಲ್ಮಾ ಥಾಮಸ್ ಅವರ 1966ರ ಇನ್ನೊಂದು ಚಿತ್ರವನ್ನು ಶ್ವೇತಭವನ ಎರವಲಲ್ಲ, ಸ್ವಂತಕ್ಕೇ ತೆಗೆದುಕೊಂಡಿತು. ಆ ಮನೆಯ ಸಂಗ್ರಹಕ್ಕೆ ಸೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು.

ಎರವಲಿನ ಒಳ್ಳೆಯ ಉದಾಹರಣೆ ಬೇಕಾದರೆ 2011 ನೋಡಿ. ನಾರ್ಮನ್ ರಾಕ್‌ವೆಲ್ ಅವರ ಒಂದು ಚಿತ್ರವನ್ನು ಅವರ ಹೆಸರಿನ ಮ್ಯೂಸಿಯಂನಿಂದ ತಂದು ಓವಲ್ ಆಫೀಸಿನ ಹೊರಗಿನ ಗೋಡೆಯಲ್ಲಿ ಕೆಲವು ತಿಂಗಳು ಹಾಕಿದ್ದರು. ಬಿಳಿ ಫ್ರಾಕ್ ಹಾಕಿದ ಆರು ವರ್ಷದ ಕಪ್ಪು ಹುಡುಗಿ, ಕೈಯಲ್ಲಿ ಸ್ಕೇಲು ಪುಸ್ತಕ. ಹಿಂದೆ ಮುಂದೆ ಕಾವಲಿಗೆ ನಾಲ್ವರು ಮಾರ್ಷಲ್‌ಗಳು. ಅವರ ತಲೆಗಳು ಚಿತ್ರದ ಚೌಕಟ್ಟಿನಿಂದ ಹೊರಗಿವೆ, ಬರೀ ಕೋಟು, ಕೈಪಟ್ಟಿ, ಬೂಟು. ಗೋಡೆಗೆ ಯಾರೋ ಎಸೆದ ಟೊಮೆಟೊ ಸಿಡಿದು ಕೆಳಗೆ ಬಿದ್ದಿದೆ, ಮೇಲೆ ಒಂದು ಬೈಗುಳ ಗೀಚಿದ್ದಾರೆ. 1960ರಲ್ಲಿ ನ್ಯೂ ಆರ್ಲಿಯನ್ಸ್‌ನ ಬಿಳಿಯರ ಶಾಲೆಗೆ ಹೋದ ರೂಬಿ ಬ್ರಿಡ್ಜಸ್ ಆ ಹುಡುಗಿ. 2011ರ ಜುಲೈನಲ್ಲಿ ರೂಬಿ ಅಲ್ಲಿಗೆ ಬಂದು, ಒಬಾಮಾ ಪಕ್ಕದಲ್ಲಿ ನಿಂತು ಅದನ್ನು ನೋಡಿದರು. ಮ್ಯೂಸಿಯಂನದ್ದು, ಆಮೇಲೆ ಮ್ಯೂಸಿಯಂಗೆ ವಾಪಸ್ ಹೋಯಿತು. ಅದನ್ನು ಯಾರಾದರೂ "ತೆಗೆದುಹಾಕಿದರು" ಅಂದರೆ ತಪ್ಪಲ್ಲ, ಸರಿಯೂ ಅಲ್ಲ.

ಕೇಳಿದ್ದೆಲ್ಲ ಎರವಲು ಸಿಗುತ್ತದೆ ಅಂತೇನಿಲ್ಲ. ಟ್ರಂಪ್ ದಂಪತಿಯ ಖಾಸಗಿ ಕೋಣೆಗೆ ಅಂತ 2017ರಲ್ಲಿ ಶ್ವೇತಭವನದವರು ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಮ್ಯೂಸಿಯಂ ಹತ್ತಿರ ವ್ಯಾನ್ ಗೋ ಬರೆದ, ಹಿಮ ಬಿದ್ದ ಹೊಲದ ಒಂದು ಚಿತ್ರ ಕೇಳಿದರು. ಆ ಚಿತ್ರವನ್ನು ಅಪರೂಪಕ್ಕಷ್ಟೇ ಹೊರಗೆ ಕಳಿಸುತ್ತೇವೆ, ಆಗಲ್ಲ ಅಂತ ಉತ್ತರ ಬಂತು. ಅದರ ಬದಲು ಇಟಲಿಯ ಮೌರಿಜಿಯೋ ಕ್ಯಾಟೆಲಾನ್ ಅವರ ಒಂದು ಶಿಲ್ಪ ಕೊಡಬಹುದು ಅಂತಲೂ ತುಂಬ ವಿನಯದಿಂದ ಬರೆದಿದ್ದರು. ಶಿಲ್ಪ ಅಂದರೆ 18 ಕ್ಯಾರೆಟ್ ಚಿನ್ನದ ಕಮೋಡ್. ಪೂರ್ತಿ ಕೆಲಸ ಮಾಡುವಂಥದ್ದು, ಮ್ಯೂಸಿಯಂನ ಶೌಚಾಲಯದಲ್ಲೇ ಇಟ್ಟು ಬಂದವರು ಬಳಸಲಿ ಅಂತ ಬಿಟ್ಟಿದ್ದರು. ಹೆಸರು 'ಅಮೆರಿಕ'. 2018ರ ಜನವರಿಯಲ್ಲಿ ಈ ಪತ್ರ ಬಯಲಾದಾಗ ನಕ್ಕವರೂ ಉರಿದವರೂ ಸಮ ಸಮ ಇದ್ದರು. ಆ ಕಮೋಡನ್ನು 2019ರಲ್ಲಿ ಇಂಗ್ಲೆಂಡಿನ ಬ್ಲೆನ್‌ಹೈಮ್ ಅರಮನೆಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು, ಒಂದು ಬೆಳಗಿನ ಜಾವ ಕಳ್ಳರು ನಲ್ಲಿ ಪೈಪಿನಿಂದಲೇ ಕಿತ್ತುಕೊಂಡು ಹೋದರು. ಬ್ಲೆನ್‌ಹೈಮ್ ಅಂದರೆ ಯಾರ ಹುಟ್ಟೂರ ಮನೆ ಗೊತ್ತಾ? ವಿನ್‌ಸ್ಟನ್ ಚರ್ಚಿಲ್ ಅವರದ್ದು.

ಮತ್ತೆ ಚರ್ಚಿಲ್ ಪುತ್ಥಳಿಗೆ ಬಂದೆವು. ಮೂರು ಪ್ರಶ್ನೆ ಬೆರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಪಾಠ ಬೇಕಿಲ್ಲ.

ಪುತ್ಥಳಿ ಒಂದಲ್ಲ, ಎರಡು. ಎರಡೂ ಜೇಕಬ್ ಎಪ್‌ಸ್ಟೀನ್ ಅನ್ನುವ ಶಿಲ್ಪಿಯ ಕೆಲಸ, ಅವಳಿಜವಳಿ. ಒಂದನ್ನು 1965ರಲ್ಲಿ ಜಾನ್ಸನ್ ಅಧ್ಯಕ್ಷರಾಗಿದ್ದಾಗ ಕಾಣಿಕೆಯಾಗಿ ಕೊಟ್ಟರು. ಅದು ಮನೆಯ ಸ್ವತ್ತು. ಅದನ್ನು ದುರಸ್ತಿಗೆ ತೆಗೆದ ಹೊತ್ತಿನಲ್ಲಿ, 2001ರಲ್ಲಿ, ಪ್ರಧಾನಿ ಟೋನಿ ಬ್ಲೇರ್ ಬ್ರಿಟಿಷ್ ಸರ್ಕಾರದ ಕಲಾಸಂಗ್ರಹದಿಂದ ಇನ್ನೊಂದನ್ನು ಜಾರ್ಜ್ ಡಬ್ಲ್ಯೂ. ಬುಷ್ ಅವರಿಗೆ ಎರವಲು ಕೊಟ್ಟರು. ಬುಷ್ ಅದನ್ನು ಓವಲ್ ಆಫೀಸಿನಲ್ಲಿ ಇಟ್ಟುಕೊಂಡರು. 2009ರಲ್ಲಿ ಬುಷ್ ಹೋದರು, ಎರವಲೂ ಮುಗಿಯಿತು, ಪುತ್ಥಳಿ ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರಿಯ ಮನೆಗೆ ಹೋಯಿತು. ಅದಿದ್ದ ಓವಲ್ ಆಫೀಸಿಗೆ ಒಬಾಮಾ ಕಿಂಗ್ ಅವರ ಪುತ್ಥಳಿ ತರಿಸಿದರು. ಆ ಪುತ್ಥಳಿಯೂ ಸ್ಮಿತ್ಸೋನಿಯನ್‌ನಿಂದ ಎರವಲು ಬಂದದ್ದೇ ಅನ್ನೋದು ಬೇರೆ ಮಾತು.

ಲಂಡನ್ ಪತ್ರಿಕೆಗಳಿಗೆ ಸಿಟ್ಟು ಬಂತು. ಚರ್ಚಿಲ್‌ಗೆ ಅವಮಾನ, ಬ್ರಿಟನ್ನಿಗೆ ಅವಮಾನ. 2012ರಲ್ಲಿ ಅಮೆರಿಕದ ಒಬ್ಬ ಅಂಕಣಕಾರರು ಒಬಾಮಾ ಪುತ್ಥಳಿ ವಾಪಸ್ ಕಳಿಸಿದರು ಅಂತ ಮತ್ತೆ ಬರೆದರು. ಶ್ವೇತಭವನದ ಸಂವಹನ ನಿರ್ದೇಶಕರು ಎದ್ದು ನಿಂತು, ಇದು ನೂರಕ್ಕೆ ನೂರು ಸುಳ್ಳು, ನೋಡಿ ಫೋಟೋ, ಪುತ್ಥಳಿ ಇಲ್ಲೇ ಮೇಲಿನ ಅಂತಸ್ತಿನಲ್ಲಿದೆ ಅಂದರು. ಅವರು ತೋರಿಸಿದ್ದು 1965ರ ಕಾಣಿಕೆ. ಅಂಕಣಕಾರರು ಹೇಳಿದ್ದು 2001ರ ಎರವಲು. ಕೆಲವು ದಿನದ ನಂತರ ಸಂವಹನ ನಿರ್ದೇಶಕರೇ ಕ್ಷಮೆ ಕೇಳಬೇಕಾಯಿತು. ಯೋಚನೆ ಮಾಡಿ, ಆ ಮನೆಯಲ್ಲೇ ಕೆಲಸ ಮಾಡುವವರಿಗೆ ಮನೆಯಲ್ಲಿ ಎಷ್ಟು ಚರ್ಚಿಲ್ ಇದ್ದರು ಅಂತ ಗೊತ್ತಿರಲಿಲ್ಲ!

ಅಷ್ಟಕ್ಕೂ ಮುಗಿಯಲಿಲ್ಲ. 2016ರಲ್ಲಿ ಬ್ರಿಟನ್ನಿನ ರಾಜಕಾರಣಿ ಬೋರಿಸ್ ಜಾನ್ಸನ್ ಲೇಖನ ಬರೆದು, ಅಪ್ಪನ ಕಡೆಯಿಂದ ಕೀನ್ಯಾದವರಾದ ಒಬಾಮಾಗೆ ಬ್ರಿಟಿಷ್ ಸಾಮ್ರಾಜ್ಯದ ಮೇಲೆ ಪೂರ್ವಜರ ಕಾಲದ ಕೋಪ ಇದೆ ಅಂತ ಕೆಲವರು ಹೇಳುತ್ತಾರೆ ಅಂದುಬಿಟ್ಟರು. ಕೆಟ್ಟ ಮಾತು, 'ಕೆಲವರು' ಅನ್ನುವವರ ಬಾಯಿಗೆ ಹಾಕಿ ಆಡಿದ್ದು. ಒಬಾಮಾ ಅದೇ ವಾರ ಲಂಡನ್ನಿನಲ್ಲಿ ನಿಂತು, ನನ್ನ ಖಾಸಗಿ ಕಚೇರಿಗೆ ಹೋಗುವಾಗ ದಿನಾ ಚರ್ಚಿಲ್ ಕಾಣುತ್ತಾರೆ, ಪುತ್ಥಳಿ ಇಡೋಕೆ ಮೇಜು ಇರೋದೇ ಇಷ್ಟು, ಎಲ್ಲ ತುಂಬಿದರೆ ಕೋಣೆ ಗಿಜಿಗಿಜಿ ಅನಿಸುತ್ತೆ ಅನ್ನುವ ಅರ್ಥದಲ್ಲಿ ಉತ್ತರಿಸಿದರು. 2021ರಲ್ಲಿ ಬೈಡನ್ ಚರ್ಚಿಲ್‌ನನ್ನು ಮತ್ತೆ ಓವಲ್ ಆಫೀಸಿನಿಂದ ಹೊರಗಿಟ್ಟು, ಕೃಷಿ ಕಾರ್ಮಿಕರ ನಾಯಕ ಸೀಸರ್ ಚಾವೆಜ್ ಪುತ್ಥಳಿ ತಂದರು. ಆಗ ಬ್ರಿಟನ್ನಿನ ಪ್ರಧಾನಿ ಅದೇ ಬೋರಿಸ್ ಜಾನ್ಸನ್. ಅವರ ಕಚೇರಿ ಹೇಳಿದ್ದೇನು? ಅದು ಅಧ್ಯಕ್ಷರ ಆಫೀಸು, ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳಲಿ. 2025ರಲ್ಲಿ ಚರ್ಚಿಲ್ ಮತ್ತೆ ಒಳಗೆ.

ಬ್ರಿಟನ್ನಿನಲ್ಲಿ ವ್ಯವಸ್ಥೆಯೇ ಬೇರೆ. ಅಲ್ಲಿ ಮನೆಗೊಂದು ಸಂಗ್ರಹ ಇಲ್ಲ, ಇಡೀ ಸರ್ಕಾರಕ್ಕೆ ಒಂದು. ಪ್ರಧಾನಿ ಮನೆ, ಮಂತ್ರಿಗಳ ಕಚೇರಿ, ವಿದೇಶದ ರಾಯಭಾರ ಕಚೇರಿ ಎಲ್ಲಕ್ಕೂ ಅಲ್ಲಿಂದಲೇ ಚಿತ್ರ ಹೋಗುತ್ತದೆ. ಹಾಗಂತ ಜಗಳ ಕಮ್ಮಿಯೇನಿಲ್ಲ. 2024ರಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ತಮ್ಮ ಓದುಕೋಣೆಯಿಂದ ಎದುರು ಪಕ್ಷದ ಹಳೆಯ ಪ್ರಧಾನಿ ಥ್ಯಾಚರ್ ಚಿತ್ರ ತೆಗೆಸಿದ್ದು ದೊಡ್ಡ ಸುದ್ದಿಯಾಯಿತು. ತಮಾಷೆ ಅಂದರೆ ಆ ಚಿತ್ರ ಬರೆಸಿದ್ದು ಸ್ಟಾರ್ಮರ್ ಪಕ್ಷದವರೇ ಆದ ಗಾರ್ಡನ್ ಬ್ರೌನ್. ಕಲಾವಿದರೇ ತಿರುಗಿಬಿದ್ದದ್ದೂ ಉಂಟು. ಟ್ರೇಸಿ ಎಮಿನ್ ತಾವು ಪ್ರಧಾನಿ ಮನೆಗೆ ಕೊಟ್ಟಿದ್ದ ನಿಯಾನ್ ದೀಪದ ಕೃತಿಯನ್ನು ತೆಗೆಯಿರಿ ಅಂತ 2022ರಲ್ಲಿ ಕೇಳಿದರು. ಲಾಕ್‌ಡೌನ್ ಹೊತ್ತಿನಲ್ಲಿ ಅಲ್ಲಿ ನಡೆದ ಪಾರ್ಟಿಗಳ ಸುದ್ದಿ ಬಂದಾಗ.

ಶ್ವೇತಭವನ ಸ್ವಂತಕ್ಕೆ ಕೊಳ್ಳುವುದು ಮಾತ್ರ ಬಹಳ ನಿಧಾನ. ಸಾಮಾನ್ಯವಾಗಿ ಬದುಕಿರುವ ಕಲಾವಿದರ ಕೃತಿ ಕೊಳ್ಳುವುದಿಲ್ಲ. ಕಾರಣ ಸರಳ. ಅಧ್ಯಕ್ಷರ ಮನೆಯಲ್ಲಿದೆ ಅಂದ ತಕ್ಷಣ ಆ ಕಲಾವಿದರ ಉಳಿದ ಚಿತ್ರಗಳ ಬೆಲೆ ಏರಿಬಿಡುತ್ತದೆ. ಅಧ್ಯಕ್ಷರ, ಅವರ ಪತ್ನಿಯರ ಭಾವಚಿತ್ರಕ್ಕೆ ಮಾತ್ರ ವಿನಾಯಿತಿ. ಈ ನಿಧಾನದಿಂದಾಗಿ ಸಂಗ್ರಹದಲ್ಲಿ ಯಾರಿಲ್ಲ ಅನ್ನುವುದೂ ಎದ್ದು ಕಾಣುತ್ತಿತ್ತು. ಮನೆ ಕಟ್ಟಲು ಕಪ್ಪು ಗುಲಾಮರ ಕೈ ಬೇಕಾಗಿತ್ತು, ಗೋಡೆಗೆ ಕಪ್ಪು ಕಲಾವಿದರೊಬ್ಬರ ಚಿತ್ರ ಸ್ವಂತದ್ದಾಗಿ ಬಂದದ್ದು 1990ರ ದಶಕದ ನಡುವಿನಲ್ಲಿ. ಹೆನ್ರಿ ಒಸಾವಾ ಟ್ಯಾನರ್ ಬರೆದ, ಸಂಜೆಯ ಮರಳದಿಬ್ಬಗಳು. 2007ರಲ್ಲಿ ಜೇಕಬ್ ಲಾರೆನ್ಸ್ ಅವರ ಕಟ್ಟಡ ಕೆಲಸಗಾರರ ಚಿತ್ರಕ್ಕೆ ಹರಾಜಿನಲ್ಲಿ 25 ಲಕ್ಷ ಡಾಲರ್ ಕೊಟ್ಟರು. ಏಷ್ಯನ್ ಅಮೆರಿಕನ್ ಕಲಾವಿದರ ಸರದಿ ಬಂದದ್ದು 2020ರಲ್ಲಿ, ಇಸಾಮು ನೊಗುಚಿ ಅವರ ಶಿಲ್ಪ, ತೋಟದಲ್ಲಿ.

ಇನ್ನೊಂದು ಕಥೆ ಹೇಳದೆ ಇರಲಾರೆ. ಬುಷ್‌ಗೆ ಒಬ್ಬ ಸ್ನೇಹಿತರು ಒಂದು ಚಿತ್ರ ಕೊಟ್ಟಿದ್ದರು, ಇದೂ ಎರವಲೇ. ಕುದುರೆ ಸವಾರನೊಬ್ಬ ಕಡಿದಾದ ದಿಬ್ಬ ಹತ್ತುತ್ತಿದ್ದಾನೆ, ಹಿಂದೆ ಇನ್ನೂ ಕೆಲವರು. ಬುಷ್ ಪ್ರಕಾರ ಆತ ಊರೂರು ಸುತ್ತಿ ಧರ್ಮ ಸಾರುವ, ಮೆಥಡಿಸ್ಟ್ ಪಂಥದ ಕ್ರೈಸ್ತ ಬೋಧಕ, ಕಷ್ಟದ ದಾರಿಯಲ್ಲಿ ಮುಂದೆ ನಿಂತ ನಾಯಕ. ಗವರ್ನರ್ ಆಗಿದ್ದಾಗ ಕಚೇರಿಯಲ್ಲಿ ಹಾಕಿಸಿ ಸಿಬ್ಬಂದಿಗೆ ಇದೇ ನಮ್ಮ ಆದರ್ಶ ಅಂತ ಬರೆದಿದ್ದರು, ಆಮೇಲೆ ಓವಲ್ ಆಫೀಸಿಗೂ ತಂದರು. ಅದರ ಮೂಲ ಕೆದಕಿದವರಿಗೆ ಗೊತ್ತಾದದ್ದು ಬೇರೆ. ಡಬ್ಲ್ಯೂ.ಎಚ್.ಡಿ. ಕರ್ನರ್ ಅನ್ನುವ ಕಲಾವಿದ ಅದನ್ನು 1916ರಲ್ಲಿ ಪತ್ರಿಕೆಯ ಕಥೆಯೊಂದಕ್ಕೆ ಬರೆದಿದ್ದ. ಕಥೆಯ ನಾಯಕ ಕುದುರೆ ಕಳ್ಳ. ಹಿಂದೆ ಬರುತ್ತಿರುವವರು ಶಿಷ್ಯರಲ್ಲ, ಹಿಡಿಯೋಕೆ ಅಟ್ಟಿಸಿಕೊಂಡು ಬರುತ್ತಿರುವವರು. ಅದೇ ಚಿತ್ರವನ್ನು ಪತ್ರಿಕೆಯವರು ಎರಡು ವರ್ಷದ ನಂತರ ಬೇರೆ ಕಥೆಗೂ ಬಳಸಿಕೊಂಡರು, ಬುಷ್‌ಗೆ ಗೊತ್ತಿದ್ದ 'ಎ ಚಾರ್ಜ್ ಟು ಕೀಪ್' ಅನ್ನುವ ಭಕ್ತಿಯ ಹೆಸರು ಅಲ್ಲಿಂದ ಅಂಟಿಕೊಂಡಿತು.

ಕೊನೆಗೆ ಅಧ್ಯಕ್ಷರ ಸ್ವಂತ ಭಾವಚಿತ್ರಗಳು. ಥಿಯೋಡರ್ ರೂಸ್‌ವೆಲ್ಟ್ ಅವರನ್ನು 1902ರಲ್ಲಿ ಶಾರ್ತ್ರಾ ಅನ್ನುವ ಫ್ರೆಂಚ್ ಕಲಾವಿದ ಬರೆದ. ಮನೆಯವರು ನೋಡಿ ಮಿಯಾಂವ್ ಅನ್ನೋ ಬೆಕ್ಕು ಅಂತ ಹೆಸರಿಟ್ಟರು. ಹುಲಿಯಂಥ ಮನುಷ್ಯನಿಗೆ ಸಹಿಸಲಾಗಲಿಲ್ಲ. ಚಿತ್ರವನ್ನು ಕತ್ತಲೆಯ ಮೂಲೆಗೆ ಹಾಕಿಸಿ, ಕೊನೆಗೆ ನಾಶವನ್ನೇ ಮಾಡಿಸಿದರು. ಆಮೇಲೆ ಜಾನ್ ಸಿಂಗರ್ ಸಾರ್ಜೆಂಟ್ ಅನ್ನುವ ಕಲಾವಿದ ಬಂದ. ಬೆಳಕು ಸರಿಯಿಲ್ಲ ಅಂತ ಆತ ಕೋಣೆ ಕೋಣೆ ಸುತ್ತಿಸಿದ, ರೂಸ್‌ವೆಲ್ಟ್‌ಗೆ ತಾಳ್ಮೆ ಹೋಗಿ ಮೆಟ್ಟಿಲ ಹತ್ತಿರ ನಿಂತು ಕಂಬದ ಮೇಲೆ ಕೈ ಇಟ್ಟು ಏನೋ ರೇಗಿದರು. ಹಾಗೇ ನಿಲ್ಲಿ, ಅಲ್ಲಾಡಬೇಡಿ ಅಂದನಂತೆ ಸಾರ್ಜೆಂಟ್. 1903ರ ಆ ಚಿತ್ರ ಇವತ್ತಿಗೂ ಮನೆಯಲ್ಲಿದೆ, ಆ ಕೈ ಆ ಕಂಬದ ಮೇಲೇ ಇದೆ.

1961ರ ನಂತರ ಹಾಗೆ ಸುಮ್ನೆ ನಾಶ ಮಾಡಿಸುವಂತಿಲ್ಲ. ಒಬಾಮಾ ಅವರ ಭಾವಚಿತ್ರ, ರಾಬರ್ಟ್ ಮೆಕರ್ಡಿ ಬರೆದದ್ದು, 2022ರ ಸೆಪ್ಟೆಂಬರಿನಲ್ಲಿ ಅನಾವರಣವಾಯಿತು. ಬಿಳಿ ಹಿನ್ನೆಲೆ, ಕಪ್ಪು ಸೂಟು, ಫೋಟೋನಾ ಚಿತ್ರನಾ ಅನಿಸುವಷ್ಟು ನಯ. ಇತ್ತೀಚಿನ ಅಧ್ಯಕ್ಷರಿಗೆ ಮೀಸಲಾದ, ಅತಿಥಿಗಳೆಲ್ಲ ಹಾದುಹೋಗುವ ಪ್ರವೇಶದ ಹಜಾರದಲ್ಲಿ ಹಾಕಿದರು. 2025ರ ಏಪ್ರಿಲ್‌ನಲ್ಲಿ ಆ ಜಾಗಕ್ಕೆ ಟ್ರಂಪ್ ಅವರ ಚಿತ್ರ ಬಂತು. ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಗುಂಡಿನ ದಾಳಿಯಾದಾಗ ಮುಷ್ಟಿ ಎತ್ತಿದ್ದು. ಒಬಾಮಾ ಎದುರು ಗೋಡೆಗೆ ಹೋದರು. ಆಗಸ್ಟ್ ಹೊತ್ತಿಗೆ ಅಲ್ಲಿಂದಲೂ ಎತ್ತಿ, ದೊಡ್ಡ ಮೆಟ್ಟಿಲಿನ ತುದಿಯಲ್ಲಿ, ಪ್ರವಾಸಿಗರು ಹತ್ತುವ ಹಾಗಿಲ್ಲದ ಕಡೆ ಹಾಕಿದ್ದಾರೆ ಅಂತ ವರದಿಯಾಯಿತು. ಚಿತ್ರ ಮನೆಯಲ್ಲೇ ಇದೆ. ಯಾರೂ ಮಾರಿಲ್ಲ, ಸುಟ್ಟಿಲ್ಲ. ಮರುತಿಂಗಳು ಹೊರಗಿನ ಕಂಬಸಾಲಿನಲ್ಲಿ ಎಲ್ಲ ಅಧ್ಯಕ್ಷರ ಚಿತ್ರಗಳನ್ನು ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಸಾಲಾಗಿ ಹಾಕಿಸಿದರು. ಬೈಡನ್ ಅವರ ಚೌಕಟ್ಟಿನಲ್ಲಿ ಮಾತ್ರ ಮುಖ ಇಲ್ಲ. ಅವರ ಸಹಿ ಹಾಕುತ್ತಿರುವ ಒಂದು ಯಂತ್ರದ ಫೋಟೋ ಇದೆ.